ಆಟಗಾರನ ಆಸ್ಪತ್ರೆ ಬಿಲ್ಲು: ರಾಂಪುರದ ವರ್ತಕರ ಮುಂದಿರುವ ಒಂದು ಲೆಕ್ಕ

ಬಳ್ಳಾರಿಯಿಂದ ಚಳ್ಳಕೆರೆಯ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 150ಎ ಮೇಲೆ ಮೊಳಕಾಲ್ಮುರು ತಾಲ್ಲೂಕಿನ ರಾಂಪುರವಿದೆ. ಮಳೆ ಕಡಮೆಯಾದ, ಶೇಂಗಾ ನಂಬಿದ ಸೀಮೆ ಇದು. ಒಂದು ಕಡೆಗೆ ಎಣ್ಣೆ ಗಿರಣಿಗಳ ಚಳ್ಳಕೆರೆ, ಇನ್ನೊಂದು ಕಡೆಗೆ ರೇಷ್ಮೆ ಸೀರೆಯ ಮೊಳಕಾಲ್ಮುರು, ಮತ್ತೊಂದು ಕಡೆಗೆ ಜೀನ್ಸ್ ಹೊಲಿಯುವ ಬಳ್ಳಾರಿ. ಇಂತಹ ಊರಿನ ಅಂಗಡಿಗಳಿಗೆ ವರ್ಷದಲ್ಲಿ ಹಲವು ಸಲ ರಸೀದಿ ಪುಸ್ತಕಗಳು ಬರುತ್ತವೆ. ಜಾತ್ರೆಗೆ, ಗಣೇಶೋತ್ಸವಕ್ಕೆ, ವಾಲಿಬಾಲ್ ಅಥವಾ ಕ್ರಿಕೆಟ್ ಟೂರ್ನಮೆಂಟಿಗೆ ಎಂದು ಕೇಳುತ್ತಾರೆ. ವರ್ತಕರು ಯಥಾಶಕ್ತಿ ಕೊಡುತ್ತಾರೆ. ಆಟಗಾರರ ಅಂಗಿಯ ಬೆನ್ನಿನ ಮೇಲೆ ಅಂಗಡಿಯ ಹೆಸರು ಅಚ್ಚಾಗುವುದೂ ಉಂಟು.

ಆದರೆ ಒಮ್ಮೊಮ್ಮೆ ಅದೇ ಹುಡುಗರು ರಸೀದಿ ಪುಸ್ತಕವಿಲ್ಲದೆ ಬರುತ್ತಾರೆ. ಕೈಯಲ್ಲಿ ಆಸ್ಪತ್ರೆಯ ಅಂದಾಜು ಪಟ್ಟಿಯ ಜೆರಾಕ್ಸ್ ಪ್ರತಿ ಇರುತ್ತದೆ. ತಂಡದ ಒಬ್ಬನಿಗೆ ಬೈಕ್ ಅಪಘಾತವಾಗಿದೆ, ಅಥವಾ ಮೂತ್ರಪಿಂಡ ಕೈಕೊಟ್ಟಿದೆ. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವರು ಐನೂರು ಕೊಡಬೇಕೋ ಐದು ಸಾವಿರ ಕೊಡಬೇಕೋ ಎಂದು ಆ ಕ್ಷಣದಲ್ಲಿ ನಿರ್ಧರಿಸಬೇಕು. ಹಾಗೆ ಕೊಟ್ಟ ಹಣ ರೋಗಿಗೆ ತಲುಪಿತೇ, ಸಕಾಲದಲ್ಲಿ ತಲುಪಿತೇ, ಬೇರೆ ದಾರಿ ಇತ್ತೇ ಎಂಬ ಪ್ರಶ್ನೆಗಳನ್ನು ಕೇಳುವುದಕ್ಕೆ ಆಗ ಬಾಯಿ ಬರುವುದಿಲ್ಲ. ಆದ್ದರಿಂದ ಆ ಪ್ರಶ್ನೆಗಳನ್ನು ಯಾರೂ ಆಸ್ಪತ್ರೆಯಲ್ಲಿಲ್ಲದ ಹೊತ್ತಿನಲ್ಲಿ ಚರ್ಚಿಸುವುದು ಮೇಲು. ಈ ಲೇಖನದ ಉದ್ದೇಶ ಅಷ್ಟೇ.

ಹನ್ನೊಂದು ಲಕ್ಷದ ಬಿಲ್ಲು

ಕ್ರೀಡಾ ಬಳಗವೊಂದು ತನ್ನವನ ನೆರವಿಗೆ ನಿಂತ ಪ್ರಸಂಗಗಳಲ್ಲಿ ಬರೋಡಾದ ಜೇಕಬ್ ಮಾರ್ಟಿನ್ ಅವರದು ವ್ಯಾಪಾರಸ್ಥರು ಗಮನಿಸಬೇಕಾದದ್ದು. ಏಕೆಂದರೆ ಅದರ ಅಂಕಿ ಅಂಶಗಳು ಬಹಿರಂಗವಾಗಿವೆ. ಮಾರ್ಟಿನ್ ಭಾರತದ ಪರವಾಗಿ 10 ಏಕದಿನ ಪಂದ್ಯಗಳನ್ನಾಡಿದವರು. 2000-01ರಲ್ಲಿ ಬರೋಡಾ ತಂಡ ರಣಜಿ ಟ್ರೋಫಿ ಗೆದ್ದಾಗ ಅದರ ನಾಯಕರಾಗಿದ್ದವರು. 2018ರ ಡಿಸೆಂಬರ್ 28ರಂದು ವಡೋದರದಲ್ಲಿ ಸ್ಕೂಟರ್ ಅಪಘಾತಕ್ಕೀಡಾಗಿ ಅವರ ಶ್ವಾಸಕೋಶ ಮತ್ತು ಯಕೃತ್ತಿಗೆ ತೀವ್ರ ಪೆಟ್ಟಾಯಿತು. ಕೃತಕ ಉಸಿರಾಟದ ಯಂತ್ರದ ಮೇಲೆ ಇಡಬೇಕಾಯಿತು. ಚಿಕಿತ್ಸೆಗೆ ದಿನವೊಂದಕ್ಕೆ ಸುಮಾರು 70 ಸಾವಿರ ರೂಪಾಯಿ ತಗಲುತ್ತಿತ್ತೆಂದೂ ಒಂದು ಹಂತದಲ್ಲಿ ಬಿಲ್ಲು 11 ಲಕ್ಷ ದಾಟಿತೆಂದೂ ಪತ್ರಿಕೆಗಳು ವರದಿ ಮಾಡಿದವು.

ಅವರ ಪತ್ನಿ ಭಾರತ ಕ್ರಿಕೆಟ್ ನಿಯಂತ್ರಣ ಮಂಡಳಿಗೆ ಮನವಿ ಸಲ್ಲಿಸಿದರು. ಮಂಡಳಿ 5 ಲಕ್ಷ ನೀಡಿತು. ಬರೋಡಾ ಕ್ರಿಕೆಟ್ ಸಂಸ್ಥೆ ಸುಮಾರು 3 ಲಕ್ಷ ನೀಡಿತು. ಎರಡನ್ನೂ ಕೂಡಿಸಿದರೆ ಎಂಟು ಲಕ್ಷ. ಬಿಲ್ಲು ಹನ್ನೊಂದು, ಅದರ ಮೇಲೆ ದಿನಕ್ಕೆ ಎಪ್ಪತ್ತು ಸಾವಿರದ ಏರಿಕೆ. ಜಗತ್ತಿನ ಅತಿ ಶ್ರೀಮಂತ ಕ್ರಿಕೆಟ್ ಮಂಡಳಿಯ ಮೊದಲ ಕಂತು ಒಂದು ವಾರದ ಚಿಕಿತ್ಸೆಗೆ ಸರಿಹೋಗುವಷ್ಟಿತ್ತು ಎಂಬುದನ್ನು ಗಮನಿಸಬೇಕು. ಉಳಿದದ್ದನ್ನು ತುಂಬಲು ಮಾಜಿ ಪದಾಧಿಕಾರಿಗಳು ಮತ್ತು ಸಹ ಆಟಗಾರರು ಓಡಾಡಿದರು. ಆಗ ಭಾರತ ತಂಡದಲ್ಲಿದ್ದ ಬರೋಡಾದ ಆಲ್‌ರೌಂಡರ್ ಕೃಣಾಲ್ ಪಾಂಡ್ಯ ಮೊತ್ತ ಬರೆಯದ ಚೆಕ್ ಕಳುಹಿಸಿ, ಬೇಕಾದಷ್ಟು ಬರೆದುಕೊಳ್ಳಿ, ಆದರೆ ಒಂದು ಲಕ್ಷಕ್ಕೆ ಕಡಮೆಯಾಗದಿರಲಿ ಎಂದು ತಿಳಿಸಿದರೆಂಬ ವರದಿ ಆ ದಿನಗಳಲ್ಲಿ ಎಲ್ಲ ಕಡೆಯೂ ಬಂದಿತು. ಮಾರ್ಟಿನ್ ಚೇತರಿಸಿಕೊಂಡರು.

ಪಾಂಡ್ಯ ಅವರ ಚೆಕ್ಕನ್ನು ಔದಾರ್ಯದ ಕಥೆಯಾಗಿ ಎಲ್ಲರೂ ಹೇಳಿದರು. ಅದು ಹೌದು ಕೂಡ. ಆದರೆ ವ್ಯಾಪಾರದ ಕಣ್ಣಿಗೆ ಅದರಲ್ಲಿ ಇನ್ನೊಂದು ಗುಣ ಕಾಣುತ್ತದೆ. ಮೊತ್ತ ಬಿಟ್ಟ ಚೆಕ್ ಎಂದರೆ ಖಾತರಿ. ಆಸ್ಪತ್ರೆಯಲ್ಲಿರುವ ಕುಟುಂಬಕ್ಕೆ ಮೊದಲ ಮೂರು ದಿನ ಬೇಕಾಗುವುದು ಪೂರ್ಣ ಹಣವಲ್ಲ, ಹಣ ಬರುತ್ತದೆಂಬ ಭರವಸೆಯನ್ನು ಲೆಕ್ಕದ ಕೌಂಟರಿನಲ್ಲಿ ನಿಂತು ಹೇಳಬಲ್ಲ ಒಬ್ಬ ಮನುಷ್ಯ. ಮಂಡಿಯಲ್ಲಿ ಲಕ್ಷಾಂತರ ರೂಪಾಯಿಯ ಸರಕು ಬರಿ ಮಾತಿನ ಮೇಲೆ ಸಾಗುವುದನ್ನು ಕಂಡ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ಎಲ್ಲ ಪ್ರಸಂಗಗಳೂ ಹೀಗೆ ಸುಖಾಂತ್ಯ ಕಾಣುವುದಿಲ್ಲ. ಅಂಶುಮಾನ್ ಗಾಯಕ್ವಾಡ್ 40 ಟೆಸ್ಟ್ ಪಂದ್ಯಗಳನ್ನಾಡಿದ್ದವರು. 1999ರ ಫೆಬ್ರವರಿಯಲ್ಲಿ ನಮ್ಮ ಅನಿಲ್ ಕುಂಬ್ಳೆ ದೆಹಲಿಯಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ ಉರುಳಿಸಿದಾಗ ಭಾರತ ತಂಡದ ತರಬೇತುದಾರರು. ರಕ್ತದ ಕ್ಯಾನ್ಸರಿಗೆ ಲಂಡನ್ನಿನಲ್ಲಿ ಚಿಕಿತ್ಸೆ ಪಡೆಯುತ್ತಿದ್ದ ಅವರ ನೆರವಿಗೆ ಹಳೆಯ ಸಹ ಆಟಗಾರರು ನಿಂತರು. ಕಪಿಲ್ ದೇವ್ ತಮ್ಮ ಪಿಂಚಣಿಯನ್ನೇ ಕೊಡಲು ಸಿದ್ಧವೆಂದು ಬಹಿರಂಗವಾಗಿ ಹೇಳಿದರು. 2024ರ ಜುಲೈ ಮಧ್ಯದಲ್ಲಿ ಕ್ರಿಕೆಟ್ ಮಂಡಳಿ 1 ಕೋಟಿ ರೂಪಾಯಿ ಮಂಜೂರು ಮಾಡಿತು. ಅದೇ ತಿಂಗಳ 31ರಂದು ಗಾಯಕ್ವಾಡ್ ನಿಧನರಾದರು.

ಹಣ ಸಣ್ಣದು, ಬಾಗಿಲು ದೊಡ್ಡದು

ಕ್ರಿಕೆಟ್ಟಿನ ಹಣವಿಲ್ಲದ ಆಟಗಳ ಕಡೆಗೆ ಬಂದರೆ ಚಿತ್ರ ಬೇರೆಯಾಗುತ್ತದೆ. ನಮ್ಮೂರಿಗೆ ಹತ್ತಿರವೂ ಆಗುತ್ತದೆ. ಮಣಿಪುರದ ಬಾಕ್ಸರ್ ಡಿಂಕೊ ಸಿಂಗ್ 1998ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದವರು. ಯಕೃತ್ತಿನ ಕ್ಯಾನ್ಸರ್ ಅವರನ್ನು ವರ್ಷಗಟ್ಟಲೆ ಕಾಡಿತು. ಚಿಕಿತ್ಸೆಗಾಗಿ ಇಂಫಾಲದ ಮನೆಯನ್ನು ಮಾರಬೇಕಾಯಿತು. 2020ರ ಏಪ್ರಿಲ್‌ನಲ್ಲಿ ದೆಹಲಿಯಲ್ಲಿ ವಿಕಿರಣ ಚಿಕಿತ್ಸೆಗೆ ಹೋಗಬೇಕಾದ ಸಮಯಕ್ಕೆ ಸರಿಯಾಗಿ ದೇಶವೇ ಲಾಕ್‌ಡೌನಿನಲ್ಲಿತ್ತು. ವಿಜೇಂದರ್ ಸಿಂಗ್, ಮನೋಜ್ ಕುಮಾರ್ ಮೊದಲಾದ ಬಾಕ್ಸರುಗಳು ತಮ್ಮ ವಾಟ್ಸ್‌ಆ್ಯಪ್ ಬಳಗದಲ್ಲಿ ಸೇರಿಸಿದ ಹಣ ಸುಮಾರು ಒಂದು ಲಕ್ಷ ರೂಪಾಯಿ. ಕ್ಯಾನ್ಸರ್ ಚಿಕಿತ್ಸೆಯ ಮುಂದೆ ಅದು ದೊಡ್ಡ ಮೊತ್ತವಲ್ಲ. ಆದರೆ ವಿಷಯ ಊರೂರಿಗೂ ತಿಳಿಯಿತು. ಬಾಕ್ಸಿಂಗ್ ಒಕ್ಕೂಟ ಮುಂದೆ ಬಂದು ಸ್ಪೈಸ್‌ಜೆಟ್ ಸಂಸ್ಥೆಯ ನೆರವಿನಿಂದ ಅವರನ್ನು ಏರ್ ಆಂಬುಲೆನ್ಸಿನಲ್ಲಿ ಇಂಫಾಲದಿಂದ ದೆಹಲಿಗೆ ಕರೆತಂದಿತು. ಕಾಮಾಲೆ ಕಾಣಿಸಿಕೊಂಡುದರಿಂದ ಆ ಸಲದ ವಿಕಿರಣ ಚಿಕಿತ್ಸೆ ನಡೆಯಲಿಲ್ಲ ಎಂಬುದನ್ನೂ ಹೇಳಬೇಕು. ರಸ್ತೆಯ ಮೂಲಕ ಊರಿಗೆ ಹಿಂದಿರುಗಿದ ಅವರಿಗೆ ಕೋವಿಡ್ ತಗಲಿತು, ಅದನ್ನು ಗೆದ್ದರು. 2021ರ ಜೂನ್ 10ರಂದು ಕ್ಯಾನ್ಸರಿಗೆ ಮಣಿದರು.

ಇನ್ನೂ ಹಿಂದಿನ ಪ್ರಸಂಗವೊಂದಿದೆ. 1962ರ ಮಾರ್ಚಿನಲ್ಲಿ ಬಾರ್ಬಡೋಸ್‌ನಲ್ಲಿ ಚಾರ್ಲಿ ಗ್ರಿಫಿತ್ ಎಸೆದ ಚೆಂಡು ಭಾರತ ತಂಡದ ನಾಯಕ ನಾರಿ ಕಂಟ್ರಾಕ್ಟರರ ತಲೆಗೆ ಬಡಿಯಿತು. ಪ್ರಾಣ ಹೋಗುವ ಸ್ಥಿತಿ. ಮೊದಲು ರಕ್ತ ಕೊಟ್ಟವರು ಎದುರಾಳಿ ವೆಸ್ಟ್ ಇಂಡೀಸ್ ನಾಯಕ ಫ್ರಾಂಕ್ ವೊರೆಲ್. ಅವರ ಜೊತೆಗೆ ಭಾರತ ತಂಡದ ಚಂದು ಬೋರ್ಡೆ, ಬಾಪು ನಾಡಕರ್ಣಿ, ಪಾಲಿ ಉಮ್ರಿಗರ್. ಆ ನೆನಪಿಗಾಗಿ ಬಂಗಾಳ ಕ್ರಿಕೆಟ್ ಸಂಸ್ಥೆ 1981ರಿಂದ ಪ್ರತಿ ವರ್ಷ ಫೆಬ್ರವರಿ 3ರಂದು ಫ್ರಾಂಕ್ ವೊರೆಲ್ ದಿನವೆಂದು ರಕ್ತದಾನ ಶಿಬಿರ ನಡೆಸುತ್ತಾ ಬಂದಿದೆ. ಕಂಟ್ರಾಕ್ಟರ್ ಮತ್ತೆ ಭಾರತಕ್ಕೆ ಆಡಲಿಲ್ಲವಾದರೂ ಪ್ರಥಮ ದರ್ಜೆ ಕ್ರಿಕೆಟ್ಟಿಗೆ ಮರಳಿ 1970-71ರವರೆಗೆ ಆಡಿದರು.

ರಾಂಪುರದ ತಂಡವೊಂದರ ಬಳಿ ಐದು ಲಕ್ಷ ಕೊಡುವ ಮಂಡಳಿಯಿಲ್ಲ. ಕೇಂದ್ರ ಸರ್ಕಾರದ ಕ್ರೀಡಾಪಟುಗಳ ಕಲ್ಯಾಣ ನಿಧಿ 1982ರಿಂದಲೂ ಇದೆ; ಈಗ ಅದಕ್ಕೆ ಪಂಡಿತ್ ದೀನದಯಾಳ್ ಉಪಾಧ್ಯಾಯರ ಹೆಸರಿದೆ; ವೈದ್ಯಕೀಯ ಚಿಕಿತ್ಸೆಗೆ 10 ಲಕ್ಷ ರೂಪಾಯಿವರೆಗೆ ನೆರವು ನೀಡುವ ಅವಕಾಶವಿದೆ. ಆದರೆ ಅದು ದೇಶಕ್ಕೆ ಕೀರ್ತಿ ತಂದು ಸಂಕಷ್ಟದಲ್ಲಿರುವವರಿಗೆ. ತಾಲ್ಲೂಕು ಮಟ್ಟದಲ್ಲಿ ಆಡಿ, ಹಗಲು ಹೊತ್ತು ಗಿರಣಿಯಲ್ಲಿ ಚೀಲ ಹೊರುವವನಿಗೆ ಅದು ಎಟುಕುವುದಿಲ್ಲ. ಅವನಿಗಿರುವ ಬಂಡವಾಳ ರಕ್ತ ಕೊಡಬಲ್ಲ, ರಾತ್ರಿ ಆಸ್ಪತ್ರೆಯ ಜಗಲಿಯಲ್ಲಿ ಕಾವಲು ಕೂರಬಲ್ಲ ಹತ್ತು ಹನ್ನೆರಡು ಗೆಳೆಯರು. ಮತ್ತು ಅವರು ತಟ್ಟಬಹುದಾದ ಅಂಗಡಿಗಳ ಬಾಗಿಲುಗಳು.

ಮುಯ್ಯಿ, ಧರ್ಮಾದಾಯ

ಹೀಗೆ ಕೊಡುವುದು ನಮಗೆ ಹೊಸತೇನಲ್ಲ. ಮದುವೆಯ ಮನೆಯಲ್ಲಿ ಮುಯ್ಯಿ ಬರೆಸುವ ಪದ್ಧತಿಯನ್ನು ನೋಡಿ. ಬರೆದಿಟ್ಟ ಪುಸ್ತಕ ವರ್ಷಗಳ ನಂತರವೂ ಪೆಟ್ಟಿಗೆಯಿಂದ ಹೊರಬರುತ್ತದೆ. ಯಾರು ಎಷ್ಟು ಮಾಡಿದ್ದರೆಂದು ನೋಡಿ ಅದಕ್ಕೆ ಕಡಮೆಯಾಗದಂತೆ ಹಿಂದಿರುಗಿಸುತ್ತಾರೆ. ಬಡ್ಡಿಯಿಲ್ಲದ, ಪತ್ರವಿಲ್ಲದ, ಆದರೆ ಮರೆಯಲಾಗದ ಸಾಲವದು.

ವರ್ತಕರ ಲೋಕದಲ್ಲಿ ಇದಕ್ಕೆ ಸಮನಾದದ್ದು ಧರ್ಮಾದಾಯ. ದಲಾಲಿ, ಹಮಾಲಿಯ ಜೊತೆಗೆ ಧರ್ಮದ ಬಾಬ್ತೆಂದು ಒಂದಿಷ್ಟು ಪೈಸೆಯನ್ನು ಪಟ್ಟಿಯಲ್ಲಿ ಸೇರಿಸುವ ಸಂಪ್ರದಾಯ ದೇಶದ ಅನೇಕ ಮಂಡಿಗಳಲ್ಲಿತ್ತು. ಛತ್ರ, ಪಾಠಶಾಲೆ, ಗೋಶಾಲೆಗಳು ಇದರಿಂದ ನಡೆದವು. ಈ ಹಣ ವರ್ತಕನ ಆದಾಯವೇ ಅಲ್ಲವೇ ಎಂಬ ವಿವಾದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಬಿಜ್ಲಿ ಕಾಟನ್ ಮಿಲ್ಸ್ ಪ್ರಕರಣದಲ್ಲಿ 1979ರ ಸುಮಾರಿಗೆ ಬಂದ ತೀರ್ಪಿನ ಸಾರವೇನೆಂದರೆ, ಗಿರಾಕಿಯಿಂದ ಧರ್ಮಕ್ಕೆಂದೇ ಪಡೆದ ಹಣಕ್ಕೆ ಆರಂಭದಿಂದಲೇ ಧರ್ಮದ ಹೊಣೆ ಅಂಟಿಕೊಂಡಿರುತ್ತದೆ. ಅದು ವ್ಯಾಪಾರಿಯ ಆದಾಯವಾಗುವುದಿಲ್ಲ.

ಆದರೆ ಧರ್ಮಾದಾಯಕ್ಕೆ ಇನ್ನೊಂದು ಮುಖವಿತ್ತು. ರೈತನ ಮಾಲಿನ ಹಣದಲ್ಲಿ ಅವನ ಒಪ್ಪಿಗೆಯನ್ನೇ ಕೇಳದೆ ಮುರಿದುಕೊಳ್ಳುವ ಬಾಬ್ತಾಗಿಯೂ ಅದು ಬೆಳೆಯಿತು. 1928ರ ರಾಯಲ್ ಕೃಷಿ ಆಯೋಗ ಇಂತಹ ಕಡಿತಗಳನ್ನು ಆಕ್ಷೇಪಿಸಿತು. ಮುಂದೆ ನಿಯಂತ್ರಿತ ಮಾರುಕಟ್ಟೆಗಳು ಬಂದದ್ದಕ್ಕೆ ಅದೂ ಒಂದು ಕಾರಣ. ಕೊಡುವವನಿಗೆ ಗೊತ್ತಿಲ್ಲದೆ ಕೊಡಿಸುವುದು ಧರ್ಮವಲ್ಲವೆಂದು ಆಗಲೇ ತೀರ್ಮಾನವಾಗಿದೆ. ತಂಡದ ನಿಧಿಗೆಂದು ಇಂದು ಯಾರಾದರೂ ಬಿಲ್ಲಿನ ಮೇಲೆ ಎರಡು ರೂಪಾಯಿ ಹಾಕೋಣವೆಂದರೆ ಈ ಇತಿಹಾಸವನ್ನು ನೆನಪಿಸಬೇಕಾಗುತ್ತದೆ. ಗಲ್ಲಾದ ಪಕ್ಕದಲ್ಲಿ ಒಂದು ಡಬ್ಬಿ ಇಡುವುದಕ್ಕೆ ಮಾತ್ರ ಯಾರ ಅಡ್ಡಿಯೂ ಇಲ್ಲ.

ಟೂರ್ನಮೆಂಟಿನ ಲೆಕ್ಕ

ಗೆಳೆಯನ ನೆರವಿಗೆಂದು ತಂಡಗಳಿಗೆ ಮೊದಲು ಹೊಳೆಯುವುದು ಒಂದು ಟೂರ್ನಮೆಂಟ್. ಉದ್ದೇಶ ಒಳ್ಳೆಯದು. ಲೆಕ್ಕ ಮಾಡಿ ನೋಡೋಣ. ಅಂಕಿಗಳು ಊಹೆಯವು, ಓದುಗರು ತಮ್ಮೂರಿನ ದರ ಹಾಕಿಕೊಳ್ಳಬಹುದು. ಇಪ್ಪತ್ತನಾಲ್ಕು ತಂಡಗಳು ತಲಾ 1,500 ರೂಪಾಯಿ ಪ್ರವೇಶ ಶುಲ್ಕ ಕೊಟ್ಟರೆ 36,000 ಆಯಿತು. ಮೊದಲ ಬಹುಮಾನ 10,000, ಎರಡನೆಯದು 5,000. ಶಾಮಿಯಾನ, ಮೈಕು, ದೀಪ, ಚೆಂಡು, ಅಂಪೈರುಗಳ ಸಂಭಾವನೆ, ಊಟ ಎಂದು 14,000. ಉಳಿಯುವುದು 7,000 ರೂಪಾಯಿ. ಅದಕ್ಕೆ ಹದಿನೈದು ದಿನಗಳ ಸಿದ್ಧತೆ, ಎರಡು ದಿನಗಳ ಆಟ. ಅಷ್ಟರಲ್ಲಿ ಆಸ್ಪತ್ರೆಯ ಮೀಟರ್ ಎಷ್ಟು ಓಡಿರುತ್ತದೋ!

ಹಾಗೆಂದು ಟೂರ್ನಮೆಂಟ್ ಬೇಡವೆನ್ನುವುದು ತಪ್ಪು. ಜನ ಸೇರುತ್ತಾರೆ, ವಿಷಯ ತಿಳಿಯುತ್ತದೆ, ಅಕ್ಕಪಕ್ಕದ ಹಳ್ಳಿಯ ತಂಡಗಳೂ ಕೈ ಸೇರಿಸುತ್ತವೆ. ಬಹುಮಾನದ ಹಣವನ್ನು ಗೆದ್ದವರೇ ಬಿಟ್ಟುಕೊಟ್ಟರೆ, ಶಾಮಿಯಾನದವರು ಬಾಡಿಗೆ ಬಿಟ್ಟರೆ, ಊಟವನ್ನು ಒಬ್ಬ ವರ್ತಕರು ವಹಿಸಿಕೊಂಡರೆ ಮೇಲಿನ ಏಳು ಸಾವಿರ ಮೂವತ್ತರ ಹತ್ತಿರ ಹೋಗುತ್ತದೆ. ನಗದಿಗಿಂತ ಸೇವೆಯನ್ನು ಕೊಡುವುದರಲ್ಲಿ ಹೆಚ್ಚು ಲಾಭವಿದೆ. ಆದರೂ ಟೂರ್ನಮೆಂಟ್ ಎರಡನೆಯ ಹಂತದ ಕೆಲಸ. ಮೊದಲ ಹಂತದ್ದು ಅದೇ ದಿನ ಆಗಬೇಕು.

ಮೊದಲು ನೋಡಬೇಕಾದ ಕಾಗದಗಳು

ಚಂದಾ ಎತ್ತುವುದಕ್ಕೆ ಮೊದಲು ರೋಗಿಯ ಮನೆಯಲ್ಲಿರುವ ಕಾಗದಗಳನ್ನು ನೋಡಬೇಕು ಎಂಬುದು ಈ ಲೇಖಕನ ದೃಢವಾದ ಅಭಿಪ್ರಾಯ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇಕಡ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ ದೊರೆಯುತ್ತದೆ. ತಪ್ಪುವುದು ಎಲ್ಲಿ ಎಂದರೆ, ಗಾಬರಿಯಲ್ಲಿ ಯೋಜನೆಗೆ ಒಳಪಡದ ಆಸ್ಪತ್ರೆಗೆ ಸೇರಿಸಿ, ಎರಡು ಲಕ್ಷ ಖರ್ಚಾದ ಮೇಲೆ ಕಾರ್ಡು ಹುಡುಕುವುದರಲ್ಲಿ. ಸಾಧಾರಣವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆ. ತುರ್ತು ಸಂದರ್ಭಕ್ಕೆ ಪ್ರತ್ಯೇಕ ನಿಯಮವಿದೆ. ತಂಡದಲ್ಲಿ ಒಬ್ಬನಾದರೂ ಇದನ್ನು ತಿಳಿದಿರಬೇಕು.

ರಸ್ತೆ ಅಪಘಾತವಾದರೆ ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಅಧಿಸೂಚಿಸಿದ ನಗದುರಹಿತ ಚಿಕಿತ್ಸಾ ಯೋಜನೆಯಿದೆ: ಅಪಘಾತದ ದಿನದಿಂದ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿ ಮಿತಿಯಲ್ಲಿ. ಹೆದ್ದಾರಿಯ ಪಕ್ಕದಲ್ಲಿರುವ ರಾಂಪುರದಂತಹ ಊರಿಗೆ ಇದಕ್ಕಿಂತ ಮುಖ್ಯವಾದ ಮಾಹಿತಿ ಕಡಮೆ. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಇದೆ. 2003ರಲ್ಲಿ ಆರಂಭವಾಗಿ 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ವಿಲೀನಗೊಂಡಿದ್ದ ಈ ಯೋಜನೆ 2023ರ ಜನವರಿಯಿಂದ ಪುನಃ ಜಾರಿಗೆ ಬಂದಿತು. ಆಗ ನಿಗದಿಯಾದಂತೆ ನಾಲ್ವರ ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ವಂತಿಗೆ, 5 ಲಕ್ಷದ ಮಿತಿ. ನೋಂದಣಿಯ ಅವಧಿ ಮುಗಿದ ಮೇಲೆ ಹೋದರೆ ಪ್ರಯೋಜನವಿಲ್ಲ.

ಹಲವರು ತಪ್ಪು ತಿಳಿದಿರುವ ಯೋಜನೆಯೊಂದಿದೆ. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಅಪಘಾತದ ಸಾವು ಮತ್ತು ಅಂಗವೈಕಲ್ಯಕ್ಕೆ ಪರಿಹಾರ ನೀಡುತ್ತದೆಯೇ ಹೊರತು ಆಸ್ಪತ್ರೆಯ ಬಿಲ್ಲನ್ನು ಕಟ್ಟುವುದಿಲ್ಲ.

ಇನ್ನು ಆ ಆಟಗಾರ ನಮ್ಮಲ್ಲೊಬ್ಬರ ಗಿರಣಿಯ ಅಥವಾ ಹೊಲಿಗೆ ಘಟಕದ ಕಾರ್ಮಿಕನೇ ಆಗಿದ್ದರೆ? ಇಎಸ್‌ಐ ಜಾರಿಯಲ್ಲಿರುವ ಪ್ರದೇಶದಲ್ಲಿ ಹತ್ತು ಅಥವಾ ಹೆಚ್ಚು ನೌಕರರಿರುವ ಘಟಕಕ್ಕೆ ಅದು ಅನ್ವಯಿಸುತ್ತದೆ. 2019ರ ಜುಲೈಯಿಂದ ಮಾಲೀಕರ ವಂತಿಗೆ ವೇತನದ ಶೇಕಡ 3.25, ನೌಕರನದು ಶೇಕಡ 0.75. ಹನ್ನೆರಡು ಸಾವಿರ ವೇತನದವನಿಗೆ ಮಾಲೀಕರು ತಿಂಗಳಿಗೆ ಕಟ್ಟುವುದು 390 ರೂಪಾಯಿ. ಅದನ್ನು ಉಳಿಸಲು ಹಾಜರಿ ಪುಸ್ತಕದಲ್ಲಿ ಒಂಬತ್ತೇ ಹೆಸರು ಬರೆದು, ಹತ್ತನೆಯವನು ಆಸ್ಪತ್ರೆ ಸೇರಿದಾಗ ಚಂದಾ ಪಟ್ಟಿಯ ತಲೆಯಲ್ಲಿ ತಮ್ಮ ಹೆಸರನ್ನು ದೊಡ್ಡದಾಗಿ ಬರೆಸಿಕೊಳ್ಳುವವರೂ ನಮ್ಮ ನಡುವೆ ಇದ್ದಾರೆ. ಸಂಘದ ಪತ್ರಿಕೆಯಲ್ಲಿ ಇದನ್ನು ಬರೆಯದೆ ಬೇರೆಲ್ಲಿ ಬರೆಯುವುದು?

ಸ್ವಂತಕ್ಕೆ ವಿಮೆ ಮಾಡಿಸುವ ವರ್ತಕರಿಗೆ ಒಂದು ಸಮಾಧಾನದ ಸಂಗತಿ: ವೈಯಕ್ತಿಕ ಮತ್ತು ಕುಟುಂಬ ಆರೋಗ್ಯ ವಿಮೆಯ ಮೇಲಿದ್ದ ಶೇಕಡ 18ರ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದುಹಾಕಲಾಯಿತು. ಗುಂಪು ವಿಮೆಗೆ ಆ ವಿನಾಯಿತಿ ನೀಡಲಿಲ್ಲ.

ಹಣ ಯಾರ ಖಾತೆಗೆ?

ನೆರವಿನ ಹಣವನ್ನು ಸಾಧ್ಯವಾದಷ್ಟೂ ಆಸ್ಪತ್ರೆಯ ಖಾತೆಗೇ ನೇರವಾಗಿ, ರೋಗಿಯ ದಾಖಲಾತಿ ಸಂಖ್ಯೆ ನಮೂದಿಸಿ ಕಟ್ಟುವುದು ಕ್ಷೇಮ. ಇದು ಅಪನಂಬಿಕೆಯ ಮಾತಲ್ಲ. ಹಣ ಕಟ್ಟಿದ ಹುಡುಗನ ಹೆಸರು ಕೆಡದಂತೆ ಕಾಯುವ ಉಪಾಯ. ಸಂಬಂಧಿಗಳಲ್ಲದವರಿಂದ ಒಬ್ಬ ವ್ಯಕ್ತಿಯ ಖಾತೆಗೆ ವರ್ಷದಲ್ಲಿ ಒಟ್ಟು 50 ಸಾವಿರಕ್ಕೂ ಹೆಚ್ಚು ಕೊಡುಗೆ ಬಂದರೆ ತೆರಿಗೆಯ ಪ್ರಶ್ನೆ ಏಳಬಹುದು. ನೋಂದಾಯಿತ ಧರ್ಮದರ್ಶಿ ಸಂಸ್ಥೆಯ ಮೂಲಕ ಬಂದ ನೆರವಿಗೆ ಆ ತೊಡಕಿಲ್ಲ. ಕೊಡುವವರಿಗೂ ವ್ಯಕ್ತಿಗೆ ಕೊಟ್ಟ ಹಣಕ್ಕೆ ರಿಯಾಯಿತಿಯಿಲ್ಲ. ನಾವು 80ಜಿ ಎಂದು ಕರೆದು ರೂಢಿಯಾದ ವಿನಾಯಿತಿ ಮಾನ್ಯತೆ ಪಡೆದ ಸಂಸ್ಥೆಗಳಿಗೆ ಕೊಟ್ಟರೆ ಮಾತ್ರ, ಅದೂ 2,000 ರೂಪಾಯಿಗಿಂತ ಹೆಚ್ಚಿನದನ್ನು ನಗದಾಗಿ ಕೊಡದಿದ್ದರೆ. ಎರಡು ಲಕ್ಷ ಅಥವಾ ಹೆಚ್ಚಿನ ಬಿಲ್ಲನ್ನು ಆಸ್ಪತ್ರೆಗಳು ನಗದಾಗಿ ಪಡೆಯುವಂತಿಲ್ಲ ಎಂಬ ನಿಯಮ 2017ರಿಂದ ಇದೆ. ಚೀಲದಲ್ಲಿ ನೋಟು ತುಂಬಿಕೊಂಡು ಬಳ್ಳಾರಿಗೋ ದಾವಣಗೆರೆಗೋ ಹೋದವರು ಕೌಂಟರಿನಲ್ಲಿ ನಿಂತು ಪೇಚಾಡುವುದು ಆಗ. ತಮ್ಮ ಲೆಕ್ಕಪರಿಶೋಧಕರನ್ನು ಒಂದು ಮಾತು ಕೇಳಿಕೊಳ್ಳುವುದು ಒಳಿತು.

ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಮೈದಾನದ ಪಕ್ಕದ ಹೋಟೆಲಿನ ಗೋಡೆಗೆ ಅಂಟಿಸಿದರೆ ಸಾಕು. ಬಂದದ್ದು ಇಷ್ಟು, ಕಟ್ಟಿದ್ದು ಇಷ್ಟು, ಉಳಿದದ್ದು ಇಷ್ಟು. ಉಳಿದದ್ದನ್ನು ಏನು ಮಾಡಬೇಕೆಂಬುದನ್ನು ಚಂದಾ ಎತ್ತುವ ಮೊದಲ ದಿನವೇ ಹೇಳಿರಬೇಕು. ಕುಟುಂಬಕ್ಕೋ, ತಂಡದ ನಿಧಿಗೋ? ಬಳಗಗಳು ಒಡೆಯುವುದು ಕೊರತೆಯಿಂದಲ್ಲ, ಹೀಗೆ ಉಳಿದ ಹತ್ತು ಹನ್ನೆರಡು ಸಾವಿರದಿಂದ.

ಬಿಡುಗಡೆಯಾಗಿ ಮನೆಗೆ ಬಂದ ಮೇಲೆ ಚಂದಾ ನಿಲ್ಲುತ್ತದೆ, ಖರ್ಚು ನಿಲ್ಲುವುದಿಲ್ಲ. ಕಾಲು ಮುರಿದುಕೊಂಡ ಹಮಾಲಿ ಆರು ತಿಂಗಳು ಚೀಲ ಎತ್ತಲಾರ. ವಾರಕ್ಕೊಮ್ಮೆ ಬಳ್ಳಾರಿಗೆ ಹೋಗಿಬರಲು ಬಸ್ಸಿನ ಖರ್ಚು, ಔಷಧಿ, ಮನೆಯ ದಿನಸಿ. ಇಲ್ಲಿ ದೊಡ್ಡ ಮೊತ್ತದ ದಾನಿಗಿಂತ ಕಿರಾಣಿ ಅಂಗಡಿಯವರ ಉದ್ರಿ ಪುಸ್ತಕ ಹೆಚ್ಚು ಕೆಲಸಕ್ಕೆ ಬರುತ್ತದೆ. ಆರು ತಿಂಗಳ ದಿನಸಿಯನ್ನು ಆ ಮನೆಯ ಹೆಸರಿನಲ್ಲಿ ಬರೆದುಕೊಂಡು, ತಂಡದ ಹನ್ನೆರಡು ಮಂದಿ ಹಂಚಿಕೊಂಡು ತಿಂಗಳ ಕೊನೆಗೆ ತೀರಿಸುವುದಾದರೆ, ತಿಂಗಳಿಗೆ ಮೂರು ಸಾವಿರದ ದಿನಸಿಗೆ ತಲಾ 250 ರೂಪಾಯಿ ಬೀಳುತ್ತದೆ. ಔಷಧಿ ಅಂಗಡಿಯವರು ತಮ್ಮ ಲಾಭಾಂಶವನ್ನು ಬಿಟ್ಟು ಕೊಳ್ಳುವ ದರಕ್ಕೇ ಕೊಟ್ಟರೆ ಅದೂ ಒಂದು ಚಂದಾ. ಗಿರಣಿಯವರು ಅವನಿಗೆ ಕೂತು ಮಾಡುವ ಕೆಲಸವೊಂದನ್ನು, ತೂಕದ ಚೀಟಿ ಬರೆಯುವುದನ್ನೋ ಗೇಟಿನ ಪುಸ್ತಕವನ್ನೋ, ಒಪ್ಪಿಸಿದರೆ ನಾಲ್ಕನೆಯ ತಿಂಗಳಿಗೇ ಆ ಉದ್ರಿ ಖಾತೆಯನ್ನು ಮುಚ್ಚಬಹುದು.